ಕಂಪ್ಲೀಟ್‌ನೆಸ್, ಇನ್‌ಕಂಪ್ಲೀಟ್‌ನೆಸ್ ಎರಡೂ ನಿಜವಾಗುವುದು ಹೇಗೆ? (ಮ್ಯಾಥಮ್ಯಾಟಿಕಲ್ ಲಾಜಿಕ್ ಪ್ರಶ್ನೋತ್ತರ)

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ಲಾಜಿಕ್ ಇಲೆಕ್ಟಿವ್ ತಗೊಂಡಿದ್ದೇನೆ. ಟ್ರೂತ್ ಟೇಬಲ್ ಮುಗಿಯುವವರೆಗೆ ಸಲೀಸಾಗಿತ್ತು. ಕ್ವಾಂಟಿಫೈಯರ್ (‘ಎಲ್ಲಕ್ಕೂ’, ‘ಒಂದಿದೆ’ ಎನ್ನುವ ಚಿಹ್ನೆಗಳು) ಬಂದಮೇಲೆ ಎರಡು ಕಡೆ ಸಿಕ್ಕಿಕೊಂಡಿದ್ದೇನೆ ಸರ್. ವೇರಿಯಬಲ್ ಜಾಗದಲ್ಲಿ ಟರ್ಮ್ (ವಸ್ತುವನ್ನು ಸೂಚಿಸುವ ಪದ) ಹಾಕುವುದಕ್ಕೆ ಅಷ್ಟೊಂದು ಷರತ್ತು ಏಕೆ? ಇನ್ನೊಂದು, ಗೋಡೆಲ್ 1929ರಲ್ಲಿ ಕಂಪ್ಲೀಟ್‌ನೆಸ್ ಸಾಧಿಸಿದರು, 1931ರಲ್ಲಿ ಇನ್‌ಕಂಪ್ಲೀಟ್‌ನೆಸ್. ಎರಡೂ ಹೇಗೆ ನಿಜ?

ಉತ್ತರ (ಲಾಜಿಕ್ ಅಧ್ಯಾಪಕ): ಷರತ್ತಿನದು ಮೊದಲು. ಸ್ವಾಭಾವಿಕ ಸಂಖ್ಯೆಗಳಲ್ಲಿ ‘ಎಕ್ಸ್‌ಗಿಂತ ದೊಡ್ಡದಾದ ಒಂದು ವೈ ಇದೆ’ ಎನ್ನುವುದು ಎಕ್ಸ್ ಯಾವುದಾದರೂ ಸರಿಯೇ. ಈಗ ಎಕ್ಸ್ ಜಾಗದಲ್ಲಿ ಕಣ್ಣುಮುಚ್ಚಿ ವೈ ಹಾಕಿ: ‘ವೈಗಿಂತ ದೊಡ್ಡದಾದ ಒಂದು ವೈ ಇದೆ’. ತನಗಿಂತ ತಾನೇ ದೊಡ್ಡ ಸಂಖ್ಯೆ! ಹೊರಗಿನಿಂದ ಬಂದ ವೈ ಒಳಗಿನ ಕ್ವಾಂಟಿಫೈಯರ್ ಕೈಗೆ ಸಿಕ್ಕಿಬಿತ್ತು. ಒಳಗಿನದಕ್ಕೆ ಮೊದಲೇ ಝೆಡ್ ಎಂದು ಹೆಸರು ಬದಲಿಸಿದ್ದರೆ ತೊಂದರೆಯೇ ಇರಲಿಲ್ಲ. ಇಂಟಿಗ್ರಲ್‌ನಲ್ಲೂ ಇದೇ ಕಥೆ: ‘ಎಕ್ಸ್ + ಟಿ’ಯನ್ನು ಟಿ ಮೇಲೆ 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿದರೆ ‘ಎಕ್ಸ್ + 1/2’. ಒಳಗೇ ಎಕ್ಸ್‌ಗೆ ಟಿ ಹಾಕಿದರೆ 1 ಬರುತ್ತದೆ, ಬರಬೇಕಾದದ್ದು ‘ಟಿ + 1/2’. ಹತ್ತು ಸೂತ್ರ ಬರೆದು ಫ್ರೀ ವೇರಿಯಬಲ್‌ಗಳಿಗೆ (ಯಾವ ಕ್ವಾಂಟಿಫೈಯರ್ ಕೈಗೂ ಸಿಗದವುಗಳಿಗೆ) ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ನೋಡಿ, ಅಭ್ಯಾಸವಾಗುತ್ತದೆ.

ಗೋಡೆಲ್ ವಿಷಯದಲ್ಲಿ ಗೊಂದಲ ಹುಟ್ಟುವುದು ಒಂದೇ ಪದವನ್ನು ಎರಡು ಬೇರೆ ವಸ್ತುಗಳಿಗೆ ಬಳಸುವುದರಿಂದ. 1929ರದ್ದು ಪ್ರೂಫ್ ಪದ್ಧತಿಯ ಬಗ್ಗೆ: ಆಕ್ಸಿಯಮ್‌ಗಳ ಎಲ್ಲ ಮಾಡೆಲ್‌ಗಳಲ್ಲೂ (ಆ ಆಕ್ಸಿಯಮ್‌ಗಳು ನಿಜವಾಗುವ ರಚನೆಗಳಲ್ಲೂ) ನಿಜವಾದದ್ದಕ್ಕೆ ಪ್ರೂಫ್ ಇದ್ದೇ ಇದೆ. 1931ರದ್ದು ಒಂದು ಥಿಯರಿಯ (ಆಕ್ಸಿಯಮ್‌ಗಳ ಒಂದು ಕಟ್ಟಿನ) ಬಗ್ಗೆ: ಅಲ್ಲಿ ಸಾಧಿಸಲೂ ಆಗದ, ಅಲ್ಲಗಳೆಯಲೂ ಆಗದ ವಾಕ್ಯವಿದೆ.

ಗ್ರೂಪ್ ಥಿಯರಿ ನಿಮಗೆ ಗೊತ್ತಲ್ಲ? ‘ಯಾವ ಎರಡು ಅಂಶಗಳೂ ಕಮ್ಯೂಟ್ ಆಗುತ್ತವೆ’ (ಕ್ರಮ ಬದಲಿಸಿದರೂ ಫಲಿತಾಂಶ ಒಂದೇ) ಎಂಬುದನ್ನು ಗ್ರೂಪ್ ಆಕ್ಸಿಯಮ್‌ಗಳಿಂದ ಸಾಧಿಸಲಾಗದು, ಮೂರು ವಸ್ತುಗಳ ಪರ್ಮ್ಯುಟೇಶನ್‌ಗಳ ಗ್ರೂಪ್ (6 ಅಂಶ) ಅಡ್ಡ ಬರುತ್ತದೆ. ಅಲ್ಲಗಳೆಯಲೂ ಆಗದು, ಕೂಡುವಿಕೆಯಡಿ ಪೂರ್ಣಾಂಕಗಳಲ್ಲಿ ಅದು ನಿಜ. ಇದಕ್ಕೆ ಯಾರೂ ಬೆಚ್ಚಿಬೀಳುವುದಿಲ್ಲ. 1931ರ ಪೆಟ್ಟು ಬೇರೆ: ಅಂಕಗಣಿತಕ್ಕೆ ಎಷ್ಟು ಆಕ್ಸಿಯಮ್ ಸೇರಿಸಿದರೂ, ಅವನ್ನು ಯಂತ್ರವೊಂದು ಪಟ್ಟಿ ಮಾಡುವಂತಿದ್ದು, ವಿರೋಧಾಭಾಸವೂ ಇಲ್ಲದಿದ್ದರೆ, ತೂತು ಉಳಿದೇ ಉಳಿಯುತ್ತದೆ. ಆಗ ಆ ವಾಕ್ಯ ನಿಜವಾಗುವ ಮಾಡೆಲ್ ಒಂದು, ಸುಳ್ಳಾಗುವ ಮಾಡೆಲ್ ಇನ್ನೊಂದು ಇರಲೇಬೇಕು. ಇರಲೇಬೇಕೆಂದು ಹೇಳುವುದು ಕಂಪ್ಲೀಟ್‌ನೆಸ್ ಪ್ರಮೇಯವೇ!

ಮರುಪ್ರಶ್ನೆ: ಸ್ಪಷ್ಟವಾಯಿತು ಸರ್. ಆದರೆ ನಮ್ಮ ನೋಟ್ಸ್‌ನಲ್ಲಿರುವ, ಕಂಪ್ಲೀಟ್‌ನೆಸ್‌ನ ಹೆಂಕಿನ್ ಪ್ರೂಫ್‌ನಲ್ಲಿ (1949) ಹೊಸ ಕಾನ್‌ಸ್ಟೆಂಟ್‌ಗಳು (ವಸ್ತುಗಳಿಗೆ ಹೊಸ ಹೆಸರುಗಳು) ಯಾಕೆ? ಥಿಯರಿಯನ್ನು ನೇರವಾಗಿ ಮ್ಯಾಕ್ಸಿಮಲ್ ಮಾಡಿ (ವಿರೋಧ ಬಾರದಂತೆ ಪ್ರತಿ ವಾಕ್ಯವನ್ನೋ ಅದರ ನಿಷೇಧವನ್ನೋ ಸೇರಿಸಿ) ಟರ್ಮ್‌ಗಳಿಂದಲೇ ಮಾಡೆಲ್ ಕಟ್ಟಬಾರದೇ?

ಉತ್ತರ: ಕಟ್ಟಿ ನೋಡಿ. ಭಾಷೆಯಲ್ಲಿ ‘ಸಿ’ ಎಂಬ ಒಂದೇ ಕಾನ್‌ಸ್ಟೆಂಟ್. ಥಿಯರಿ ಎರಡು ಸಾಲು: ‘ಕೆಂಪಗಿರುವುದು ಒಂದಿದೆ’, ‘ಸಿ ಕೆಂಪಗಿಲ್ಲ’. ಎರಡು ವಸ್ತುಗಳ ಮಾಡೆಲ್ ಇದೆ, ವಿರೋಧವಿಲ್ಲ. ಆದರೆ ಟರ್ಮ್‌ಗಳಿಂದ ಕಟ್ಟಿದ ಮನೆಯಲ್ಲಿರುವುದು ಸಿ ಒಂದೇ, ಅದು ಕೆಂಪಗಿಲ್ಲ. ಮೊದಲ ಸಾಲು ಬಿತ್ತು. ಹಾಗಾಗಿ ‘ಒಂದಿದೆ’ ಎನ್ನುವ ಪ್ರತಿ ಸೂತ್ರಕ್ಕೂ ಸಾಕ್ಷಿಯಾಗಿ ಹೊಸ ಕಾನ್‌ಸ್ಟೆಂಟ್ ಬೇಕು. ಕಾನ್‌ಸ್ಟೆಂಟ್ ಸೇರಿದರೆ ಹೊಸ ಸೂತ್ರಗಳು ಹುಟ್ಟುತ್ತವೆ, ಅವಕ್ಕೂ ಸಾಕ್ಷಿ ಬೇಕು. ಅದಕ್ಕೇ ಹಂತಹಂತವಾಗಿ ಸೇರಿಸಿ ಕೊನೆಗೆ ಯೂನಿಯನ್ ತೆಗೆದುಕೊಳ್ಳುವುದು. ಮ್ಯಾಕ್ಸಿಮಲ್ ಮಾಡುವುದು ಆಮೇಲೆ. ಥಿಯರಿ ಸಮ ಎನ್ನುವ ಟರ್ಮ್‌ಗಳನ್ನು ಒಂದೇ ವರ್ಗಕ್ಕೆ ಹಾಕುವುದನ್ನು ಮರೆಯಬೇಡಿ.

ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇನ್ನೊಂದಿದೆ. ಥಿಯರಿಯ ವಾಕ್ಯಗಳೇ ಈ ಮಾಡೆಲ್‌ನಲ್ಲಿ ನಿಜ ಎಂದು ತೋರಿಸುವ ಕೊನೆಯ ಇಂಡಕ್ಷನ್ ಅನ್ನು ವಿದ್ಯಾರ್ಥಿಗಳು ಸೂತ್ರದ ಉದ್ದದ ಮೇಲೆ ಮಾಡುತ್ತಾರೆ. ‘ಒಂದಿದೆ’ಯನ್ನು ತೆಗೆದು ವೇರಿಯಬಲ್‌ಗೆ ದೊಡ್ಡ ಟರ್ಮ್ ಹಾಕಿದರೆ ಸೂತ್ರ ಉದ್ದವಾಗಬಹುದು, ಇಂಡಕ್ಷನ್ ಮುರಿಯುತ್ತದೆ. ಕನೆಕ್ಟಿವ್ (‘ಮತ್ತು’, ‘ಅಲ್ಲ’ದಂಥವು), ಕ್ವಾಂಟಿಫೈಯರ್‌ಗಳ ಎಣಿಕೆಯ ಮೇಲೆ ಮಾಡಿ.

ಇನ್ನೊಬ್ಬರ ಪ್ರಶ್ನೆ: ಮುಂದೆ ಇದನ್ನೇ ಓದಬೇಕೆಂದರೆ?

ಉತ್ತರ: ಚೆನ್ನೈನ ಐಎಂಎಸ್‌ಸಿ (ಇನ್‌ಸ್ಟಿಟ್ಯೂಟ್ ಆಫ್ ಮ್ಯಾಥಮ್ಯಾಟಿಕಲ್ ಸೈನ್ಸಸ್), ಸಿಎಂಐ (ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್) ಸಂಸ್ಥೆಗಳಲ್ಲಿ ಲಾಜಿಕ್ ಬಹುತೇಕ ಥಿಯರಿಟಿಕಲ್ ಕಂಪ್ಯೂಟರ್ ಸೈನ್ಸ್ ಬಾಗಿಲಿನಿಂದ ಸಿಗುತ್ತದೆ, ಆಟೋಮ್ಯಾಟಾ ಓದಿಕೊಂಡು ಹೋಗಿ. ಹೊರದೇಶವಾದರೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಲಾಜಿಕ್‌ಗೇ ಮೀಸಲಾದ ಎರಡು ವರ್ಷದ ಎಂ.ಎಸ್ಸಿ. ಇದೆ, 120 ಕ್ರೆಡಿಟ್. ಸೆಟ್ ಥಿಯರಿ, ಮಾಡೆಲ್ ಥಿಯರಿ ಕಡೆ ಒಲವಿದ್ದರೆ ಆಲ್ಜಿಬ್ರಾ, ಟೋಪಾಲಜಿ ಗಟ್ಟಿಯಿರಬೇಕು. ಅರ್ಜಿ ಹಾಕುವ ಮುಂಚೆ ಮೇಲಿನ ಹೆಂಕಿನ್ ಪ್ರೂಫ್ ಅನ್ನು ನೋಟ್ಸ್ ಮುಚ್ಚಿಟ್ಟು ಒಮ್ಮೆ ಪೂರ್ತಿ ಬರೆಯಿರಿ.