ಗಣೇಶಪುರಿ ಬಿಸಿನೀರಿನ ಕುಂಡದಲ್ಲಿ ಕೂತ್ರೆ ಅಮ್ಮನ ಗಂಟುನೋವು ಕಮ್ಮಿ ಆಗ್ತದಾ?

ಡೊಂಬಿವಲಿ ಮನೆ:

ಎಲ್ಲರಿಗೂ ನಮಸ್ಕಾರ. ನಾವು ಇರೋದು ಡೊಂಬಿವಲಿಯಲ್ಲಿ, ಊರು ಪುತ್ತೂರು ಹತ್ರ. ಅಮ್ಮನಿಗೆ 67 ವರ್ಷ, ಎರಡೂ ಮೊಣಕಾಲಿನ ಗಂಟು ಸವೆದಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ, ಆಪರೇಷನ್ ಈಗಲೇ ಬೇಡ ವ್ಯಾಯಾಮ ಮಾಡ್ಲಿ ಅಂತ ಡಾಕ್ಟರು. ಬಿಪಿಗೆ ಮಾತ್ರೆ ಉಂಟು, ಶುಗರ್ ಹನ್ನೆರಡು ವರ್ಷದಿಂದ ಉಂಟು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗ್ಬೇಕಾದ್ರೆ ಗೋಡೆ ಹಿಡ್ಕೊಂಡೇ ಹೋಗ್ತಾರೆ, ನನಗೆ ಅದನ್ನ ನೋಡ್ಲಿಕ್ಕೆ ಆಗುದಿಲ್ಲ.

ಈಗ ವಿಷಯ ಏನಂದ್ರೆ ನಮ್ಮ ಬಿಲ್ಡಿಂಗಿನ ಆಂಟಿ ಒಬ್ರು ಇಲ್ಲೇ ಮುಂಬೈ ಹತ್ರದ ಗಣೇಶಪುರಿಗೆ ಹೋಗಿ ಅಲ್ಲಿಯ ಬಿಸಿನೀರಿನ ಕುಂಡದಲ್ಲಿ ಕೂತು ಬಂದ್ರು, ಬಂದವರು ನೋವೇ ಹೋಯ್ತು ಅಂತ ಹೇಳಿದ್ದು, ಆವತ್ತಿಂದ ಅಮ್ಮನಿಗೆ ಅದೇ ಜಪ. ಅಲ್ಲಿಯೇ ಇರೋ ನಿತ್ಯಾನಂದ ಸ್ವಾಮಿಗಳ ಸಮಾಧಿಗೆ ಕೈಮುಗಿದು ಬರ್ಬೇಕು ಅಂತ ಮೊದಲಿಂದಲೂ ಆಸೆ ಇತ್ತು, ಮುಂಬೈಯಲ್ಲಿರೋ ನಮ್ಮ ಕಡೆಯವರಿಗೆ ಗಣೇಶಪುರಿ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ. ಕರ್ಕೊಂಡು ಹೋಗ್ಲಿಕ್ಕೆ ನಾನು ರೆಡಿ. ಆದ್ರೆ ನಿಜವಾಗಿಯೂ ಆ ನೀರಲ್ಲಿ ಏನಾದ್ರೂ ಗುಣ ಉಂಟಾ, ಶುಗರ್ ಬಿಪಿ ಇದ್ದವರು ಕೂತ್ಕೊಳ್ಬಹುದಾ, ಎಷ್ಟು ಹೊತ್ತು? ಗೊತ್ತಿದ್ದವರು ದಯವಿಟ್ಟು ಹೇಳಿ. "ನಂಬಿಕೆ ಇದ್ರೆ ಆಗ್ತದೆ" ಅಂತ ಒಬ್ರು, "ಎಲ್ಲ ಸುಳ್ಳು" ಅಂತ ಇನ್ನೊಬ್ರು, ಇಷ್ಟೇ ಆಯ್ತು ಮನೆಯಲ್ಲಿ.

ಇರ್ದೆ ಹುಡುಗ:

ಅಕ್ಕ ನೀವು ಪುತ್ತೂರಿನವರು ಅಂತೀರಿ, ನಮ್ಮ ಬೆಂದ್ರ್ ತೀರ್ಥ ನೋಡಿಲ್ವಾ? ಇರ್ದೆಯಲ್ಲಿ ಸೀರೆ ಹೊಳೆ ಬದಿಗೆ ಉಂಟಲ್ಲ ಕಲ್ಲು ಕಟ್ಟಿದ ಕೆರೆ, ಅದೇ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು ಅಂತ ನಿಮಗೆ ಹೇಳ್ಬೇಕಾಗಿಲ್ಲ. ಗಣೇಶಪುರಿಯಷ್ಟು ಸುಡುವ ಬಿಸಿ ಅಲ್ಲ, ಬಚ್ಚಲು ಮನೆಯ ಹಂಡೆ ನೀರಿಗೆ ತಣ್ಣೀರು ಬೆರೆಸಿದ ಹಾಗೆ ಹದ ಬಿಸಿ. ನನ್ನ ಅಜ್ಜಿಗೆ ಚರ್ಮದ ತುರಿಕೆ ಇತ್ತು, ಅಲ್ಲಿ ಮಿಂದು ಬಂದು ತೆಂಗಿನೆಣ್ಣೆ ಹಚ್ಚಿಕೊಳ್ತಿದ್ರು, ಎರಡು ದಿನ ಚೆನ್ನಾಗಿ ನಿದ್ದೆ ಬರ್ತದೆ ಅಂತಿದ್ರು. ತುರಿಕೆ ಪೂರ್ತಿ ಹೋಗ್ಲಿಲ್ಲ, ಆದ್ರೆ ಆ ಎರಡು ದಿನದ ನಿದ್ದೆ ಅವರಿಗೆ ದೊಡ್ಡದು.

ಮತ್ತೆ ಬಿಸಿ ಯಾಕೆ ಅಂತ ಸಣ್ಣವನಿರುವಾಗ ಕೇಳಿದ್ರೆ ಅಡಿಯಲ್ಲಿ ಬೆಂಕಿಗುಡ್ಡ ಉಂಟು ಅಂತ ಹೆದರಿಸ್ತಿದ್ರು. ಹಾಗೇನಿಲ್ಲ. ಮಳೆನೀರು ಬಂಡೆಯ ಬಿರುಕಲ್ಲಿ ಇಳಿದು ಇಳಿದು ತುಂಬ ಆಳಕ್ಕೆ ಹೋಗ್ತದೆ, ಒಂದು ಕಿಲೋಮೀಟರ್ ಕೆಳಗೆ ಹೋದ್ರೆ ಸುಮಾರು 25-30 ಡಿಗ್ರಿ ಬಿಸಿ ಹೆಚ್ಚಾಗ್ತದೆ, ಅಲ್ಲಿ ಕಾದು ಇನ್ನೊಂದು ಬಿರುಕಲ್ಲಿ ಬೇಗ ಮೇಲೆ ಬಂದ್ರೆ ಬಿಸಿನೀರಿನ ಬುಗ್ಗೆ. ಕೊಂಕಣದ ಬುಗ್ಗೆಗಳೂ ಹೀಗೆಯೇ. ಬರುವ ದಾರಿಯಲ್ಲಿ ಕಲ್ಲಿನ ಉಪ್ಪು, ಗಂಧಕ ಎಲ್ಲ ಕರಗಿಸಿಕೊಂಡು ಬರ್ತದೆ, ಅದಕ್ಕೇ ಕೆಲವು ಕಡೆ ಕೊಳೆತ ಮೊಟ್ಟೆ ವಾಸನೆ.

ಕೀಲು ನೋಡಾಂವ:

ಅಕ್ಕಾರ, ನಾ ಫಿಸಿಯೋಥೆರಪಿ ಮಾಡಾಂವ, ಹುಬ್ಬಳ್ಳಿ ಕಡೆ. ನಿಮ್ಮ ಅವ್ವಾರಂಥ ಪೇಶಂಟ್ ದಿನಾ ನೋಡ್ತೀನಿ, ಅದಕ್ಕ ಸ್ವಲ್ಪ ಉದ್ದ ಬರಿಯಾಕತ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ.

ಬಿಸಿನೀರಾಗ ಕುಂತ್ರ ನೋವು ಕಮ್ಮಿ ಆಗೂದು ಖರೇನ. ಬಿಸಿಗೆ ರಕ್ತನಾಳ ಹಿಗ್ತಾವ, ಮಂಡಿ ಸುತ್ತ ಬಿಗಿ ಹಿಡದಿದ್ದ ಸ್ನಾಯು ಸಡ್ಲ ಆಗ್ತಾವ. ಅದರ ಮ್ಯಾಲ ನೀರು ಮೈ ಎತ್ತಿ ಹಿಡೀತೈತಿ, ಸೊಂಟದ ಮಟ ನೀರಾಗ ನಿಂತ್ರ ಕಾಲ ಮ್ಯಾಲ ಬೀಳೂ ಭಾರ ಹತ್ತತ್ರ ಅರ್ಧ ಆಗ್ತೈತಿ, ಎದಿ ಮಟ ನಿಂತ್ರ ಮೂರರಾಗ ಒಂದು ಪಾಲು ಅಷ್ಟ. ಗೋಡಿ ಹಿಡಕೊಂಡು ನಡಿಯಾಕಿ ನೀರಾಗ ಗೋಡಿ ಬಿಟ್ಟು ನಡೀತಾಳ. ಆದ್ರ ಸವದ ಕೀಲು ಸವದದ್ದ, ಯಾವ ಕುಂಡದ ನೀರೂ ಅದನ್ನ ತಿರುಗಿ ಬೆಳಸೂದಿಲ್ಲ, ಇದನ್ನ ಅವ್ವಾರಿಗೆ ಹೋಗೂಕಿಂತ ಮೊದಲ ಹೇಳ್ರಿ, ಇಲ್ಲಂದ್ರ ವಾಪಸ್ ಬಂದ ಮ್ಯಾಲ ಮನಸ್ಸು ಮುರೀತೈತಿ.

ಖನಿಜದಾಗ ಏನರ ಐತೇನು ಅಂತ ಕೇಳಿದ್ರ, ಹಂಗೇರಿ, ಟರ್ಕಿ ಕಡೆ ಮಂಡಿನೋವಿನವರ ಮ್ಯಾಲ ಬಾಳ ಪ್ರಯೋಗ ಮಾಡ್ಯಾರ. ಹಂಗೇರಿಯಾಗ ಬರೇ ನಳದ ನೀರು ಕಾಸಿ ಅದಕ್ಕೂ ಬುಗ್ಗಿ ನೀರಿಗೂ ಹೋಲಿಸಿ ನೋಡ್ಯಾರ, ಕೆಲವೊಂದರಾಗ ಬುಗ್ಗಿ ನೀರು ಒಂಚೂರು ಮುಂದ ಬಂದೈತಿ. ಆದ್ರ ಎಲ್ಲಾ ಸಣ್ಣ ಸಣ್ಣ ಪ್ರಯೋಗ, ಗಟ್ಟಿ ಮಾತು ಅನ್ನಾಕ ಬರೂದಿಲ್ಲ. ಇನ್ನೊಂದು, ಅಲ್ಲಿ ಒಂದು ಸಲ ಮುಳುಗಿ ಬರೂದಿಲ್ರಿ, ಎರಡು ಮೂರು ವಾರ, ಹತ್ತರಿಂದ ಹದಿನೈದು ಸಲ, ಸಲಕ್ಕ ಇಪ್ಪತ್ತು ಮೂವತ್ತು ನಿಮಿಷ ಕುಂಡ್ರಸ್ತಾರ. ನಾವು ಒಂದು ದಿನ ಹೋಗಿ ಕುಂತು ಬಂದು ಅಷ್ಟ ಫಾಯದೆ ಬೇಕು ಅಂದ್ರ ಹೆಂಗ?

ಬಿಪಿ ಗುಳಿಗಿ ತಗೊಳ್ಳಾವ್ರು ಭಾಳ ಜ್ವಾಕಿ. ಬಿಸಿಗೆ ಬಿಪಿ ಇಳೀತೈತಿ, ಗುಳಿಗಿನೂ ಇಳಸ್ತೈತಿ, ಗಪ್ಪನ ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬಂದು ಬೀಳ್ತಾರ, ಅದೂ ಪಾಚಿ ಹಿಡದ ಮೆಟ್ಟಲ ಮ್ಯಾಲ. ಹತ್ತು ಹನ್ನೆರಡು ನಿಮಿಷ ಸಾಕು, ಎದ್ದು ಬರೂ ಮೊದಲು ಮೆಟ್ಟಲ ಮ್ಯಾಲ ಎರಡು ನಿಮಿಷ ಕುಂಡ್ರಿಸ್ರಿ. ಮಂಡಿ ಕೆಂಪಾಗಿ ಬಾತು ಬಿಸಿ ಆಗಿದ್ರ ಆವತ್ತು ಬಿಸಿನೀರು ಬ್ಯಾಡ. ಇನ್ಸುಲಿನ್ ಚುಚ್ಚಿಕೊಳ್ತಿದ್ರ ಅದನ್ನೂ ಡಾಕ್ಟರಿಗೆ ಕೇಳ್ರಿ, ಬಿಸಿಗೆ ಇನ್ಸುಲಿನ್ ಲಗೂನ ಮೈಗೆ ಹತ್ತತೈತಿ, ಶುಗರ್ ಒಮ್ಮೆಲೆ ಇಳಿಬಹುದು.

ಮೈಸೂರು ಮಗ:

ದಯವಿಟ್ಟು ಇದನ್ನ ಪೂರ್ತಿ ಓದಿ ಮೇಡಂ. ನಮ್ಮ ತಂದೆಗೂ ಶುಗರ್ ಇತ್ತು. ಉತ್ತರದ ಕಡೆ ಯಾತ್ರೆಗೆ ಹೋದಾಗ ಒಂದು ಬಿಸಿನೀರಿನ ಕುಂಡದಲ್ಲಿ ಕಾಲಿಟ್ಕೊಂಡು ಕೂತಿದ್ರು, ಹಿತವಾಗಿದೆ ಅಂತ ನಗ್ತಾ ಮಾತಾಡ್ತಾನೇ ಇದ್ರು, ಪಕ್ಕದಲ್ಲಿ ಕಾಲಿಟ್ಟ ನಾನು ತಕ್ಷಣ ತೆಗೆದುಬಿಟ್ಟೆ ಆದ್ರೆ ಅವ್ರನ್ನ ಎಬ್ಬಿಸ್ಬೇಕು ಅಂತ ಹೊಳೀಲೇ ಇಲ್ಲ. ರಾತ್ರಿ ರೂಮಲ್ಲಿ ಸಾಕ್ಸ್ ತೆಗೆದ್ರೆ ಅಂಗಾಲಲ್ಲಿ ಎರಡು ದೊಡ್ಡ ಬೊಬ್ಬೆ. ಶುಗರಿಂದ ಕಾಲಿನ ನರ ಸತ್ತಿತ್ತು, ಬಿಸಿ ಗೊತ್ತೇ ಆಗಿರ್ಲಿಲ್ಲ. ಆ ಗಾಯ ಒಣಗೋಕೆ ಎರಡೂವರೆ ತಿಂಗಳು ಡ್ರೆಸಿಂಗ್ ಆಯ್ತು, ಒಂದು ಬೆರಳು ಹೋಗುತ್ತೇನೋ ಅಂತ ಹೆದರಿದ್ವಿ.

ಅದಕ್ಕೆ ಹೇಳ್ತಿದೀನಿ, ಅಮ್ಮನ ಕಾಲನ್ನ ನಂಬಬೇಡಿ, ನಿಮ್ಮ ಮೊಣಕೈ ಅದ್ದಿ ನೋಡಿ, ಮಕ್ಕಳ ಸ್ನಾನಕ್ಕೆ ಇಡೋ ಥರ್ಮಾಮೀಟರ್ ಸಿಗುತ್ತಲ್ಲ ಅದನ್ನ ತಗೊಂಡು ಹೋಗಿ. ಹಿಮಾಚಲದ ಮಣಿಕರಣ್‌ನಲ್ಲಿ ಅಕ್ಕಿನ ಬಟ್ಟೆಯಲ್ಲಿ ಕಟ್ಟಿ ಕುಂಡಕ್ಕೆ ಇಳಿಬಿಟ್ಟು ಅನ್ನ ಬೇಯಿಸ್ತಾರೆ, ಪ್ರಕೃತಿಯ ನೀರು ಅಂದ ಮಾತ್ರಕ್ಕೆ ಮೈಗೆ ಹದ ಆಗಿರ್ಬೇಕು ಅಂತೇನೂ ಇಲ್ಲ.

ಓಸಾಕಾ ಕನ್ನಡತಿ:

ನಾನು ಎಂಟು ವರ್ಷದಿಂದ ಜಪಾನಿನಲ್ಲಿದೀನಿ, ಇಲ್ಲಿ ಓನ್ಸೆನ್ (ಬಿಸಿನೀರಿನ ಬುಗ್ಗೆ ಸ್ನಾನ) ಅಂದ್ರೆ ನಮಗೆ ಎಣ್ಣೆಸ್ನಾನ ಇದ್ದಂಗೆ, ಅಷ್ಟು ಮಾಮೂಲಿ. 1948ರಲ್ಲೇ ಇದಕ್ಕೊಂದು ಕಾನೂನು ಮಾಡಿದಾರೆ, ಬುಗ್ಗೆಯಲ್ಲಿ ನೀರು 25 ಡಿಗ್ರಿ ಇರ್ಬೇಕು ಇಲ್ಲಾ ಪಟ್ಟಿಯಲ್ಲಿರೋ ಯಾವುದಾದ್ರೂ ಖನಿಜ ಇಷ್ಟು ಪ್ರಮಾಣದಲ್ಲಿ ಇರ್ಬೇಕು, ಆಗ್ಲೇ ಓನ್ಸೆನ್ ಅನ್ನೋಕಾಗೋದು. ಬಟ್ಟೆ ಬದಲಾಯಿಸೋ ಕಡೆ ಗೋಡೆ ಮೇಲೆ ನೀರಲ್ಲಿ ಏನೇನಿದೆ, ಯಾರು ಇಳೀಬಾರ್ದು ಅಂತ ಬೋರ್ಡ್ ಹಾಕಿರ್ತಾರೆ. ನಮ್ಮ ಕುಂಡಗಳಲ್ಲೂ ಇಂಥ ಒಂದು ಬೋರ್ಡ್ ಇದ್ದಿದ್ರೆ ಮೇಲೆ ಬರೆದವರ ತಂದೆಗೆ ಹಾಗಾಗ್ತಿರ್ಲಿಲ್ಲ ಅಂತ ಓದಿ ತುಂಬ ಬೇಜಾರಾಯ್ತು.

ಇಲ್ಲಿ ಸುಮಾರು 30 ಸಾವಿರ ಜನರನ್ನ ಹತ್ತತ್ರ 20 ವರ್ಷ ಗಮನಿಸಿ ಒಂದು ಅಧ್ಯಯನ ಬಂತು 2020ರಲ್ಲಿ, ದಿನಾ ಟಬ್ಬಲ್ಲಿ ಬಿಸಿನೀರಿನಲ್ಲಿ ಕೂತು ಸ್ನಾನ ಮಾಡೋರಿಗೆ ಹೃದಯ, ಪಾರ್ಶ್ವವಾಯು ಸಮಸ್ಯೆ 28% ಕಡಿಮೆ ಅಂತ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಕೂರದೇ ಇರೋರಿಗೆ ಹೋಲಿಸಿದ್ರೆ. ಗಮನಿಸಿ, ಅದು ಮನೆಯ ಟಬ್, ಬುಗ್ಗೆ ನೀರಲ್ಲ. ಮತ್ತೆ ದಿನಾ ಕೂರೋಕೆ ಶಕ್ತಿ ಇರೋರು ಮೊದಲೇ ಗಟ್ಟಿ ಇದ್ದಿರ್ಬಹುದು, ಅದನ್ನೂ ಮರೀಬಾರ್ದು. ಇದೇ ದೇಶದಲ್ಲಿ ಚಳಿಗಾಲ ಬಂತು ಅಂದ್ರೆ ವಯಸ್ಸಾದವರು ತಣ್ಣನೆ ಕೋಣೆಯಿಂದ ಸೀದಾ ಬಿಸಿನೀರಿಗೆ ಇಳಿದು ಬಿಪಿ ಏರುಪೇರಾಗಿ ಟಬ್ಬಲ್ಲೇ ಪ್ರಾಣ ಬಿಡ್ತಾರೆ, ಪ್ರತಿ ವರ್ಷ ಟಿವಿಯಲ್ಲಿ ಎಚ್ಚರಿಕೆ ಹೇಳ್ತಾನೇ ಇರ್ತಾರೆ.

ಇಲ್ಲಿಂದ ಕಲಿತಿದ್ದು ಅಂದ್ರೆ ಇಳಿಯೋ ಮೊದಲು ಹೊರಗೆ ಸೋಪು ಹಾಕಿ ಮೈ ತೊಳ್ಕೋಬೇಕು, ಕಾಲಿಂದ ಮೇಲಕ್ಕೆ ನಿಧಾನವಾಗಿ ನೀರು ಹುಯ್ಕೊಂಡು ಆಮೇಲೆ ಇಳೀಬೇಕು, ಊಟ ಆದ ತಕ್ಷಣ ಇಳೀಬಾರ್ದು, ಮುಂಚೆ ಆಮೇಲೆ ಎರಡೂ ಸಲ ನೀರು ಕುಡೀಬೇಕು. ತಲೆ ಮಾತ್ರ ಮುಳುಗಿಸೋ ಹಾಗಿಲ್ಲ. ಇದು ನಮ್ಮ ಕುಂಡಗಳಿಗೆ ಇನ್ನೂ ಮುಖ್ಯ ಅಂತೀನಿ, ಯಾಕಂದ್ರೆ ನಾವು ತೀರ್ಥ ಅಂತ ಮೂರು ಮುಳುಗು ಹಾಕ್ತೀವಿ. ಕೇರಳದಲ್ಲಿ ಕೆರೆಯಲ್ಲಿ ಈಜಿದ ಮಕ್ಕಳಿಗೆ ಮೆದುಳು ತಿನ್ನೋ ಅಮೀಬಾ ಅಂತ ಸುದ್ದಿ ಬಂತಲ್ಲ, ಅದು ಬೆಚ್ಚಗಿನ ಸಿಹಿನೀರಲ್ಲಿ ಬೆಳೆಯುತ್ತೆ, ಮೂಗಿನ ಮೂಲಕವೇ ಒಳಗೆ ಹೋಗೋದು. ತೀರಾ ಅಪರೂಪ, ಆದ್ರೆ ಬಂದ್ರೆ ಉಳಿಯೋರು ತೀರಾ ಕಡಿಮೆ. ಅಮ್ಮನಿಗೆ ತಲೆಗೆ ಪ್ರೋಕ್ಷಣೆ ಮಾಡ್ಕೊಂಡ್ರೆ ಸಾಕು ಅಂತ ಹೇಳಿ, ಒಪ್ತಾರೆ.

ಕೀಲು ನೋಡಾಂವ:

ಮೈಸೂರಿನವರು ಹೇಳಿದ್ದು ನಾನ ಮೊದಲ ಬರೀಬೇಕಿತ್ತು, ಬಾಳ ಮುಖ್ಯ ಮಾತು. ನೀರು 38ರಿಂದ 40 ಡಿಗ್ರಿ, ಅದಕ್ಕಿಂತ ಮ್ಯಾಲ ಬ್ಯಾಡ. ಹೋಗೂಕಿಂತ ಮೊದಲ ಅಂಗಾಲಿನಾಗ ಗಾಯ, ಸೀಳು ಏನರ ಐತೇನು ನೋಡ್ರಿ, ಬೆರಳ ಸಂದ್ಯಾಗನೂ ನೋಡ್ರಿ. ಇದ್ರ ಆವತ್ತು ದೇವ್ರ ದರ್ಶನ ಅಷ್ಟ ಮಾಡಿ ಬರ್ರಿ.

ಡೊಂಬಿವಲಿ ಮನೆ:

ಹೋಗಿ ಬಂದ್ವಿ, ಹಾಗಾಗಿ ಬರೀತಿದ್ದೇನೆ. ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲುದಿಲ್ಲ, ಮುಖ್ಯವಾಗಿ ಮೈಸೂರಿನ ಅಣ್ಣನಿಗೆ.

ರಶ್ ಬೇಡ ಅಂತ ವಾರದ ಮಧ್ಯೆ ಹೋದದ್ದು, ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ವಿ. ಮೊದಲು ಸಮಾಧಿ ಮಂದಿರ, ಅಮ್ಮ ಅಲ್ಲಿಯೇ ಅರ್ಧ ಗಂಟೆ ಕೂತ್ರು. ಆಮೇಲೆ ಕುಂಡ. ಮೊದಲನೆಯ ಕುಂಡದ ಮೆಟ್ಟಿಲಲ್ಲಿ ಕೂತು ಅಮ್ಮ ಕಾಲು ಇಳಿಬಿಟ್ಟು "ಇದೆಂತ, ಬಿಸಿಯೇ ಇಲ್ಲ" ಅಂದ್ರು. ನಾನು ಮೊಣಕೈ ಇಟ್ಟೆ, ಐದು ಸೆಕೆಂಡ್ ಇಡ್ಲಿಕ್ಕಾಗ್ಲಿಲ್ಲ. ಥರ್ಮಾಮೀಟರ್ ಹಾಕಿದ್ರೆ 46. ನನ್ನ ಎದೆ ಧಸಕ್ಕಂತು, ಅಮ್ಮನ ಎರಡೂ ಕಾಲು ಹಿಡಿದು ಮೇಲೆ ಎಳೆದೆ, ಸುತ್ತ ಇದ್ದವರು ಏನಾಯ್ತು ಅಂತ ನೋಡಿದ್ರು. ಹಿಮ್ಮಡಿ ಕೆಂಪಾಗಿತ್ತು, ದೇವರ ದಯೆ ಬೊಬ್ಬೆ ಬರ್ಲಿಲ್ಲ. ಪಕ್ಕದ ಕುಂಡದಲ್ಲಿ 40 ತೋರಿಸ್ತು, ಅದರಲ್ಲಿ ಸೊಂಟದವರೆಗೆ ಹನ್ನೆರಡು ನಿಮಿಷ ಮೊಬೈಲಲ್ಲಿ ಟೈಮ್ ನೋಡ್ಕೊಂಡು ಕೂರಿಸಿದೆ. ನನ್ನ ಕೈ ಹಿಡ್ಕೊಂಡು ನೀರೊಳಗೆ ನಾಲ್ಕು ಹೆಜ್ಜೆ ಹಾಕಿದ್ರು, ಆಮೇಲೆ ಕೈಯನ್ನೂ ಬಿಟ್ರು. ನೋವಿಲ್ಲದೆ ಅವರು ನಡೆದದ್ದು ನೋಡಿ ಎಷ್ಟು ಸಮಯ ಆಗಿತ್ತು.

ಮೂರು ದಿನ ಬೆಳಿಗ್ಗೆ ಗೋಡೆ ಹಿಡೀಲಿಲ್ಲ, ನಾಲ್ಕನೇ ದಿನ ಮತ್ತೆ ಹಿಡಿದ್ರು. ನೀವು ಮೊದಲೇ ಹೇಳಿದ್ದಕ್ಕೆ ಅಮ್ಮ ಬೇಜಾರು ಮಾಡ್ಕೊಳ್ಲಿಲ್ಲ. ಡಾಕ್ಟರಿಗೆ 46 ಡಿಗ್ರಿಯ ಕತೆ ಹೇಳಿದೆ, ಅವರು ನೈಲಾನ್ ದಾರದಂಥದ್ದು ಒಂದನ್ನ ಅಂಗಾಲಿಗೆ ಒತ್ತಿ ಒತ್ತಿ ನೋಡಿ, ಎಡಗಾಲಲ್ಲಿ ಸ್ಪರ್ಶವೇ ಗೊತ್ತಾಗ್ತಾ ಇಲ್ಲ ಅಂದ್ರು. ಇಷ್ಟು ವರ್ಷ ನಮಗೆ ಯಾರಿಗೂ ಗೊತ್ತಿರ್ಲಿಲ್ಲ. ಈಗ ಮನೆಯೊಳಗೂ ಚಪ್ಪಲಿ, ದಿನಾ ರಾತ್ರಿ ಅಂಗಾಲು ನೋಡುದು ನನ್ನ ಕೆಲಸ. ಸಂಜೆ ದೊಡ್ಡ ಟಬ್ಬಿನಲ್ಲಿ 38 ಡಿಗ್ರಿ ನೀರು, ಹತ್ತು ನಿಮಿಷ ಕಾಲಿಟ್ಟು, ಒರೆಸಿ, ತಕ್ಷಣ ಡಾಕ್ಟರು ಹೇಳಿದ ವ್ಯಾಯಾಮ, ನೋವು ಸಡಿಲ ಇರುವಾಗ ಕಾಲು ಚೆನ್ನಾಗಿ ಎತ್ತಲಿಕ್ಕೆ ಆಗ್ತದಂತೆ.

ಹೋಗುವವರಿಗೆ ಇನ್ನೊಂದು ವಿಷಯ, ಬೆಳ್ಳಿ ತೆಗೆದಿಟ್ಟು ಇಳೀರಿ. ಅಮ್ಮನ ಕಾಲುಂಗುರ ಗಂಧಕಕ್ಕೆ ಕಪ್ಪಾಗಿ ಹೋಗಿದೆ, ವಿಭೂತಿ ಹಾಕಿ ತಿಕ್ಕಿದೆವು, ಇನ್ನೂ ಪೂರ್ತಿ ಬಿಳಿ ಆಗ್ಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋಗ್ಲಿಕ್ಕಿದೆ. ಇರ್ದೆ ತಮ್ಮ, ಆಗ ಬೆಂದ್ರ್ ತೀರ್ಥದಲ್ಲಿ ನೀರು ಇಳಿಯುವಷ್ಟು ಇರ್ತದಾ, ಮೆಟ್ಟಿಲಿಗೆ ಹಿಡ್ಕೊಳ್ಲಿಕ್ಕೆ ಏನಾದ್ರೂ ಉಂಟಾ, ಸ್ವಲ್ಪ ನೋಡಿ ಹೇಳ್ತೀಯಾ?