ರೋಲ್‌ಪ್ಲೇ ಕಂತು: ಒತ್ತಕ್ಷರ ಒಂದರ ಮೇಲೊಂದು ಹತ್ತುತ್ತಿದೆ, ಬಣ್ಣದ ಮಾತಿನಲ್ಲಿ ಚುಕ್ಕಿ ಸೊನ್ನೆ ಬರುತ್ತಿದೆ. ಏನು ಮಾಡಲಿ?

ಹಂಪೆಪೇಟೆ ಬರೆದದ್ದು:

ವಿಜಯನಗರ ಕಾಲದ ರೋಲ್‌ಪ್ಲೇ (ಫೋರಮ್ಮಿನಲ್ಲಿ ಸರದಿಯಂತೆ ಕಂತು ಕಂತಾಗಿ ಬರೆಯುವ ಕಥೆ), ನಾಲ್ಕು ಜನ ಬರೆಯುತ್ತಿದ್ದೇವೆ, ತಲಾ ಒಂದು ಪಾತ್ರ. ಇಂಗ್ಲಿಷ್ ರೋಲ್‌ಪ್ಲೇಯವರು ಬಳಸುವ ರೆಡಿಮೇಡ್ ಟೆಂಪ್ಲೇಟನ್ನು ಹಾಗೇ ಎತ್ತಿಕೊಂಡಿದ್ದೇವೆ. ಇಂಗ್ಲಿಷ್ ತುಂಬಿದರೆ ಚೆನ್ನಾಗಿದೆ. ಕನ್ನಡ ತುಂಬಿದ ಕೂಡಲೇ ಕೆಟ್ಟುಹೋಗುತ್ತದೆ. ಸೆಟ್ಟಿಂಗ್ ಇಷ್ಟು:

ಡಿವ್ (ಕಂತು ಕೂರುವ ಪೆಟ್ಟಿಗೆ) ಅಗಲ 450 ಪಿಕ್ಸೆಲ್, ಎತ್ತರ 300, ಪ್ಯಾಡಿಂಗ್ (ಒಳಅಂಚಿನ ಖಾಲಿ ಜಾಗ) 40, ಒಳಗೆ ಸ್ಕ್ರೋಲ್. ಫಾಂಟ್ ಜಾರ್ಜಿಯಾ 11 ಪಿಕ್ಸೆಲ್, ಲೈನ್-ಹೈಟ್ (ಸಾಲಿನ ಎತ್ತರ) 12 ಪಿಕ್ಸೆಲ್, ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಜಾಗ) 1 ಪಿಕ್ಸೆಲ್, ಅಲೈನ್ ಜಸ್ಟಿಫೈ (ಎರಡೂ ಅಂಚು ಸಮ). ಅಕ್ಷರ #999999, ಹಿನ್ನೆಲೆ ಬಿಳಿ. ಎಡಕ್ಕೆ ಫ್ಲೋಟ್ ಆದ (ಬರಹ ಪಕ್ಕದಲ್ಲಿ ಹರಿಯುವಂತೆ ಇಟ್ಟ) 200 ಪಿಕ್ಸೆಲ್ ಚಿತ್ರ. ಮಾತುಗಳಿಗೆ ಗ್ರೇಡಿಯೆಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವ ನೋಟ) ಜನರೇಟರ್‌ನಿಂದ ತೆಗೆದ ಬಣ್ಣ, ಯೋಚನೆಗಳಿಗೆ ಇಟಾಲಿಕ್.

ಆಗುತ್ತಿರುವುದು: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಪದಗಳ ನಡುವೆ ಬಾವಿಯಷ್ಟು ಜಾಗ. ಬಣ್ಣದ ಮಾತುಗಳಲ್ಲಿ ಒತ್ತಕ್ಷರ ಒಡೆದು ಚುಕ್ಕಿ ಚುಕ್ಕಿಯ ಸೊನ್ನೆ ಬರುತ್ತದೆ, ಅದೂ ಒಂದು ಬ್ರೌಸರಿನಲ್ಲಿ ಬರುತ್ತದೆ, ಇನ್ನೊಂದರಲ್ಲಿ ಇಲ್ಲ. ಮೊಬೈಲಿನಲ್ಲಿ ಪೆಟ್ಟಿಗೆ ಬಲಕ್ಕೆ ಓಡುತ್ತದೆ. ನೋಟ ಪೂರ್ತಿ ಬಿಡಲು ಮನಸ್ಸಿಲ್ಲ. ಏನೇನು ಬದಲಿಸಬೇಕು?

---

ಅಚ್ಚುಮೊಳೆ:

ಮೊದಲು ಲೈನ್-ಹೈಟ್, ಏಕೆಂದರೆ ಅರ್ಧ ರೋಗ ಅಲ್ಲೇ ಇದೆ.

ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಇಳಿಯುವುದು ಜಿ, ವೈ ಥರದ ಕೆಲವು ಬಾಲಗಳು ಮಾತ್ರ. ಕನ್ನಡದಲ್ಲಿ ಒಂದು ಸಾಲಿಗೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, 'ಸ್ತ್ರೀ', 'ರಾಷ್ಟ್ರ' ಬಂದರೆ ಒತ್ತಿಗೆ ಇನ್ನೊಂದು ಒತ್ತು. 11 ಪಿಕ್ಸೆಲ್ ಅಕ್ಷರವನ್ನು 12 ಪಿಕ್ಸೆಲ್ ಸಾಲಿನಲ್ಲಿ ಕೂರಿಸಿದರೆ ಬಡಿದುಕೊಳ್ಳದೇ ಇನ್ನೇನು?

ಅಕ್ಷರ 16 ಪಿಕ್ಸೆಲ್, ಲೈನ್-ಹೈಟ್ 1.7 ಮಾಡಿ. 1.7ರ ಮುಂದೆ ಪಿಕ್ಸೆಲ್ ಅಂತ ಹಾಕಬೇಡಿ, ಬರೀ ಸಂಖ್ಯೆ. ಪಿಕ್ಸೆಲ್ಲಿನಲ್ಲಿ ಕೊಟ್ಟರೆ ಒಳಗಿನ ಎಲ್ಲದಕ್ಕೂ ಅದೇ ಅಳತೆ ಹರಿದುಬರುತ್ತದೆ: 24 ಪಿಕ್ಸೆಲ್ ಹೆಸರಿನ ಶೀರ್ಷಿಕೆಗೂ ಅದೇ 12 ಪಿಕ್ಸೆಲ್ ಸಾಲು. ಬರೀ ಸಂಖ್ಯೆ ಕೊಟ್ಟರೆ ಆಯಾ ಗಾತ್ರಕ್ಕೆ ಗುಣಿಸಿಕೊಳ್ಳುತ್ತದೆ. 1.5ಕ್ಕಿಂತ ಕೆಳಗೆ ಇಳಿಸಬೇಡಿ. ವೆಬ್ ಬರಹ ಎಲ್ಲರಿಗೂ ಓದಲು ಬರಬೇಕೆಂದು ಡಬ್ಲ್ಯು3ಸಿ ಎಂಬ ವೆಬ್ ಮಾನಕ ಸಂಸ್ಥೆ ಮಾಡಿದ ಮಾರ್ಗಸೂಚಿಯಲ್ಲೂ 1.5 ಎಂಬ ಅಂಕಿಯೇ ಇದೆ, ಅದೂ ಎಲ್ಲ ಲಿಪಿಗೂ ಸೇರಿಸಿ ಹೇಳಿದ್ದು. ಒತ್ತು ಇರುವ ನಮಗೆ ಸ್ವಲ್ಪ ಜಾಸ್ತಿಯೇ ಬೇಕು.

ಜಾರ್ಜಿಯಾ ಅಂತ ಬರೆದಿದ್ದೀರಿ, ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. ಬ್ರೌಸರ್ ತನ್ನಷ್ಟಕ್ಕೆ ಬೇರೆ ಕನ್ನಡ ಫಾಂಟ್ ಹುಡುಕಿಕೊಳ್ಳುತ್ತದೆ: ವಿಂಡೋಸಿನಲ್ಲಿ ನಿರ್ಮಲಾ ಯುಐ ಅಥವಾ ಹಳೆಯ ತುಂಗಾ, ಆಂಡ್ರಾಯ್ಡಿನಲ್ಲಿ ಸಾಮಾನ್ಯವಾಗಿ ನೋಟೋ. ಅದಕ್ಕೇ ನಿಮ್ಮ ನಾಲ್ಕು ಜನರಿಗೆ ಒಂದೇ ಕಂತು ನಾಲ್ಕು ಥರ ಕಾಣುತ್ತದೆ. ಫಾಂಟ್ ಸಾಲು ಹೀಗಿರಲಿ: ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ನಿರ್ಮಲಾ ಯುಐ, ಕನ್ನಡ ಸಂಗಮ್ ಎಂಎನ್, ತುಂಗಾ, ಕೊನೆಗೆ ಸ್ಯಾನ್ಸ್-ಸೆರಿಫ್. ಓದುಗರ ಸಾಧನದಲ್ಲಿ ಇಲ್ಲದ ಫಾಂಟನ್ನು ವೆಬ್‌ಫಾಂಟ್ ಆಗಿ ಲೋಡ್ ಮಾಡಿಸಬೇಕು. ಅದು ಪೋಸ್ಟಿನೊಳಗಿನ ಇನ್‌ಲೈನ್ ಸ್ಟೈಲಿನಿಂದ ಆಗುವ ಕೆಲಸವಲ್ಲ, ಅಡ್ಮಿನ್ ಥೀಮಿನ ತಲೆಭಾಗದಲ್ಲಿ ಸೇರಿಸಬೇಕು. ಹೆಸರಿನ ಶೀರ್ಷಿಕೆಗೆ ಬಾಲೂ ತಮ್ಮ 2 ಅಥವಾ ಅಕಾಯಾ ಕನಡಕ ಚೆಂದ. ಇಡೀ ಕಂತನ್ನು ಅದರಲ್ಲಿ ಬರೆಯಬೇಡಿ, ಮೂರನೇ ಪ್ಯಾರಾಕ್ಕೆ ಕಣ್ಣು ಸೋಲುತ್ತದೆ.

ಲೆಟರ್-ಸ್ಪೇಸಿಂಗ್ ಸೊನ್ನೆ ಮಾಡಿ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಪ್ಪುವ ಅಲಂಕಾರ ಅದು. ನಮ್ಮಲ್ಲಿ ಪದವೇ ಬಿಡಿಬಿಡಿಯಾಗುತ್ತದೆ. ಟೆಂಪ್ಲೇಟಿನಲ್ಲಿ ಅಪ್ಪರ್‌ಕೇಸ್, ಸ್ಮಾಲ್‌ಕ್ಯಾಪ್ಸ್ ಇದ್ದರೂ ತೆಗೆಯಿರಿ, ಕನ್ನಡದ ಮೇಲೆ ಅವು ಏನೂ ಮಾಡವು. ಶೀರ್ಷಿಕೆ ಎದ್ದು ಕಾಣಬೇಕಾದರೆ ಗಾತ್ರ, ದಪ್ಪ, ಬಣ್ಣ, ಈ ಮೂರೇ ದಾರಿ.

---

ಕೊಂಬುದೀರ್ಘ:

ಚುಕ್ಕಿ ಸೊನ್ನೆಯ ವಿಷಯ.

ಗ್ರೇಡಿಯೆಂಟ್ ಜನರೇಟರ್ ಪ್ರತಿಯೊಂದು 'ಕ್ಯಾರೆಕ್ಟರ್' ಸುತ್ತ ಒಂದೊಂದು ಬಣ್ಣದ ಟ್ಯಾಗ್ ಹಾಕುತ್ತದೆ. ನಮ್ಮ ಕಣ್ಣಿಗೆ 'ಕ್ಷಣ' ಎರಡಕ್ಷರ. ಯೂನಿಕೋಡಿಗೆ (ಕಂಪ್ಯೂಟರ್ ಅಕ್ಷರ ಗುರುತಿಸುವ ಸಂಕೇತಪದ್ಧತಿ) ನಾಲ್ಕು: ಕ, ಅದನ್ನು 'ಕ್' ಮಾಡುವ ವಿರಾಮ ಚಿಹ್ನೆ, ಷ, ಣ. ಜನರೇಟರ್ ನಾಲ್ಕನ್ನೂ ನಾಲ್ಕು ಟ್ಯಾಗಿನಲ್ಲಿ ಹಾಕಿಬಿಡುತ್ತದೆ. ವಿರಾಮ ಚಿಹ್ನೆ ಅಂಟಿಕೊಳ್ಳಲು ವ್ಯಂಜನ ಸಿಗದೆ ಒಂಟಿಯಾದಾಗ ಬ್ರೌಸರ್ ಅದರ ಪಕ್ಕ ಚುಕ್ಕಿ ಸೊನ್ನೆ ತೋರಿಸುತ್ತದೆ. ಟ್ಯಾಗಿನ ಗಡಿ ದಾಟಿ ಅಕ್ಷರ ಜೋಡಿಸುವ ಬ್ರೌಸರಿನಲ್ಲಿ ಕಾಣುವುದಿಲ್ಲ, ಜೋಡಿಸದ ಬ್ರೌಸರಿನಲ್ಲಿ ಕಾಣುತ್ತದೆ. ನಿಮ್ಮದು ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಆಗುತ್ತಿರುವುದು ಇದಕ್ಕೇ. ಸ್ಕ್ರೀನ್ ರೀಡರ್‌ನಲ್ಲಿ ಕೇಳುವವರಿಗೂ ಇದರಿಂದ ತೊಂದರೆ.

ಪರಿಹಾರ: ಬಣ್ಣ ಅಕ್ಷರಕ್ಕಲ್ಲ, ಇಡೀ ಮಾತಿಗೆ. ಒಬ್ಬ ಪಾತ್ರಕ್ಕೆ ಒಂದೇ ಗಟ್ಟಿ ಬಣ್ಣ. ಬಿಳಿ ಹಿನ್ನೆಲೆಗೆ ಈ ನಾಲ್ಕು ನಡೆಯುತ್ತವೆ: #800000 ಕಂದುಗೆಂಪು, #006600 ಹಸಿರು, #000080 ಕಡುನೀಲಿ, #663300 ಕಂದು. ನಾಲ್ಕೂ 7:1 ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ) ದಾಟುತ್ತವೆ. ಕೆಂಪು-ಹಸಿರು ಭೇದ ಕಾಣದವರು ಓದುಗರಲ್ಲಿ ಇದ್ದೇ ಇರುತ್ತಾರೆ, ಹಾಗಾಗಿ ಯಾರು ಮಾತಾಡಿದರು ಎನ್ನುವುದು ವಾಕ್ಯದಲ್ಲೂ ಗೊತ್ತಾಗಬೇಕು. ಬಣ್ಣದ ಮೇಲೇ ಭಾರ ಹಾಕಬೇಡಿ.

ಗ್ರೇಡಿಯೆಂಟ್ ಬೇಕೇ ಬೇಕು ಅಂದರೆ ಹೆಸರಿನ ಶೀರ್ಷಿಕೆಗೆ ಮಾತ್ರ: ಹಿನ್ನೆಲೆಗೆ ಗ್ರೇಡಿಯೆಂಟ್, ಬ್ಯಾಕ್‌ಗ್ರೌಂಡ್-ಕ್ಲಿಪ್ ಟೆಕ್ಸ್ಟ್, ಅಕ್ಷರ ಟ್ರಾನ್ಸ್‌ಪರೆಂಟ್. ಇಲ್ಲಿ ಎರಡು ಗುಂಡಿ ಇವೆ. ಒತ್ತಿನ ತುದಿ ಹಿನ್ನೆಲೆಯ ಅಂಚಿನಿಂದ ಹೊರಗೆ ಹೋದರೆ ಅಷ್ಟು ಭಾಗ ಮಾಯ. ಕೆಳಗಿನ ಪ್ಯಾಡಿಂಗ್ 0.25 ಇಎಂ (ಅಕ್ಷರಗಾತ್ರದ ಕಾಲು ಭಾಗ) ಕೊಡಿ. ಇನ್ನೊಂದು ದೊಡ್ಡದು: ಕೆಲವು ಎಡಿಟರ್‌ಗಳು ಸುರಕ್ಷತೆಗೆಂದು ಕ್ಲಿಪ್ ಸಾಲನ್ನು ಕಿತ್ತುಹಾಕಿ ಟ್ರಾನ್ಸ್‌ಪರೆಂಟ್ ಸಾಲನ್ನು ಉಳಿಸುತ್ತವೆ. ಆಗ ಬಣ್ಣದ ಪಟ್ಟಿ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಪ್ರಿವ್ಯೂ ನೋಡದೆ ಒತ್ತಬೇಡಿ.

ಕಂತಿನ ಮೊದಲಕ್ಷರ ದೊಡ್ಡದು ಮಾಡುವವರಿಗೂ ಇದೇ ಮಾತು. 'ಶ್ರೀ' ಅಂತ ಶುರುವಾದರೆ ನಾಲ್ಕೂ ಸಂಕೇತ ಒಂದೇ ಸ್ಪ್ಯಾನ್ ಟ್ಯಾಗಿನೊಳಗೆ ಇರಬೇಕು. ಬರೀ 'ಶ' ಕತ್ತರಿಸಿ ದೊಡ್ಡದು ಮಾಡಿದರೆ ಉಳಿದದ್ದು ಅನಾಥ.

---

ಪರದೆಪುಟ:

ಜಸ್ಟಿಫೈ ಯಾರೂ ಮುಟ್ಟಲಿಲ್ವಲ್ಲ. ಅದನ್ನ ಮೊದಲು ತೆಗೀರಿ. ಕನ್ನಡದ ಪದ ಉದ್ದ, ವಿಭಕ್ತಿ, ಕ್ರಿಯಾಪದ, 'ಎಂದು' ಎಲ್ಲ ಅಂಟಿಕೊಂಡು 'ಹೊರಟುಹೋಗಬೇಕಾಗಿತ್ತೆಂದು' ಆಗುತ್ತೆ. ಚಿತ್ರದ ಪಕ್ಕದ 250 ಪಿಕ್ಸೆಲ್ ಜಾಗದಲ್ಲಿ ಅಂಥ ಪದ ಕೂರದೆ ಮುಂದಿನ ಸಾಲಿಗೆ ಹೋಗುತ್ತೆ, ಹಿಂದೆ ಉಳಿದ ಎರಡು ಪದವನ್ನ ಬ್ರೌಸರ್ ಎರಡು ಗೋಡೆಗೆ ಎಳೆದು ಕಟ್ಟುತ್ತೆ. ನೀವು ಹೇಳಿದ ಬಾವಿ ಅದೇ. ಎಡಕ್ಕೆ ಅಲೈನ್ ಮಾಡಿ, ಬಲ ಅಂಚು ಏರುಪೇರಾಗಲಿ, ಏನೂ ಆಗಲ್ಲ.

ಪೆಟ್ಟಿಗೆ ಲೆಕ್ಕ ನೋಡಿ. ಅಗಲ 450 ಬರೆದಿದ್ದೀರಿ, ಬಾಕ್ಸ್-ಸೈಜಿಂಗ್ (ಪ್ಯಾಡಿಂಗ್ ಅಗಲದೊಳಗೇ ಸೇರಬೇಕಾ ಅನ್ನೋ ಸೆಟ್ಟಿಂಗ್) ಹೇಳಿಲ್ಲ. ಎರಡೂ ಬದಿಯ ಪ್ಯಾಡಿಂಗ್ 80 ಸೇರಿ ನಿಜವಾದ ಅಗಲ 530. 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ 170 ಹೊರಗೆ. ಬದಲಿಗೆ: ವಿಡ್ತ್ 100%, ಮ್ಯಾಕ್ಸ್-ವಿಡ್ತ್ 620 ಪಿಕ್ಸೆಲ್, ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್, ಪ್ಯಾಡಿಂಗ್ 18, ಮಾರ್ಜಿನ್ ಆಟೋ. 620ಕ್ಕಿಂತ ಅಗಲ ಬೇಡ, ಸಾಲು ಉದ್ದವಾದರೆ ಕಣ್ಣು ಮುಂದಿನ ಸಾಲಿನ ತಲೆ ಹುಡುಕೋದಕ್ಕೆ ತಡವರಿಸುತ್ತೆ.

ಎತ್ತರ 300 ಮತ್ತು ಒಳಸ್ಕ್ರೋಲ್ ಎರಡೂ ಹೋಗಲಿ. 16 ಪಿಕ್ಸೆಲ್, 1.7 ಲೆಕ್ಕದಲ್ಲಿ ಒಂದು ಸಾಲಿಗೆ 27 ಪಿಕ್ಸೆಲ್, ಅಂದರೆ ಆ ಕಿಂಡಿಯಲ್ಲಿ ಸುಮಾರು ಹನ್ನೊಂದು ಸಾಲು ಮಾತ್ರ ಕಾಣುತ್ತೆ. ಮೊಬೈಲಿನಲ್ಲಿ ಬೆರಳು ಪುಟ ತಳ್ಳೋಕೆ ಹೋಗಿ ಪೆಟ್ಟಿಗೆ ತಳ್ಳುತ್ತೆ.

ಫ್ಲೋಟ್ ಚಿತ್ರಾನೂ ಹಾಗೇ: 360ರಲ್ಲಿ ಪ್ಯಾಡಿಂಗ್ 36, ಚಿತ್ರ 200 ಕಳೆದರೆ ಉಳಿಯೋದು 124. ಅಲ್ಲಿ ಸಾಲಿಗೆ ಒಂದು ಪದ. ಇನ್‌ಲೈನ್ ಸ್ಟೈಲಿನಲ್ಲಿ ಮೀಡಿಯಾ ಕ್ವೆರಿ (ಪರದೆಯ ಅಗಲ ನೋಡಿ ನೋಟ ಬದಲಿಸೋ ನಿಯಮ) ಹಾಕೋಕೆ ಬರಲ್ಲ, ಆದರೆ ಫ್ಲೆಕ್ಸ್ ಬಳಸಬಹುದು. ಹೊರಡಿವ್: ಡಿಸ್‌ಪ್ಲೇ ಫ್ಲೆಕ್ಸ್, ಫ್ಲೆಕ್ಸ್-ವ್ರ್ಯಾಪ್ ವ್ರ್ಯಾಪ್, ಗ್ಯಾಪ್ 16. ಚಿತ್ರದ ಡಿವ್: ಫ್ಲೆಕ್ಸ್ 0 1 200 ಪಿಕ್ಸೆಲ್. ಬರಹದ ಡಿವ್: ಫ್ಲೆಕ್ಸ್ 1 1 260 ಪಿಕ್ಸೆಲ್. ಎರಡಕ್ಕೂ ಜಾಗ ಇದ್ದರೆ ಪಕ್ಕಪಕ್ಕ, ಇಲ್ಲದಿದ್ದರೆ ಚಿತ್ರ ಮೇಲೆ, ಬರಹ ಕೆಳಗೆ. ಚಿತ್ರಕ್ಕೆ ಮ್ಯಾಕ್ಸ್-ವಿಡ್ತ್ 100%.

ಬಣ್ಣ: ಬಿಳಿ ಮೇಲೆ #999999 ಅಂದರೆ ಕಾಂಟ್ರಾಸ್ಟ್ 2.85:1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಬೇಕು. ಬೂದು ಬಣ್ಣದ ಮೇಲೆ ಅಷ್ಟು ಪ್ರೀತಿ ಇದ್ದರೆ #767676 ಕೊನೆಯ ಮೆಟ್ಟಿಲು, 4.54:1. ಅದೂ ದಿನಾಂಕ, ಸ್ಥಳದ ಸಾಲಿಗೆ ಸಾಕು. ಕಥೆಗೆ #222222. ಮತ್ತೆ ಅಕ್ಷರದ ಬಣ್ಣ ಕೊಟ್ಟರೆ ಹಿನ್ನೆಲೆಯನ್ನೂ ಕೊಡಿ, ಇಲ್ಲ ಎರಡನ್ನೂ ಬಿಡಿ. ಒಂದನ್ನೇ ಕೊಟ್ಟರೆ ಡಾರ್ಕ್ ಥೀಮಿನವರಿಗೆ ಕಪ್ಪಿನ ಮೇಲೆ ಕಪ್ಪು.

---

ಹಂಪೆಪೇಟೆ:

ಎಲ್ಲ ಬದಲಿಸಿದೆ. ಬಾವಿ ಇಲ್ಲ, ಸೊನ್ನೆ ಇಲ್ಲ, ಮೊಬೈಲಿನಲ್ಲೂ ನೆಟ್ಟಗೆ ನಿಂತಿದೆ. ಆದರೆ ಮಾತಿಗೆ ತಿಳಿಹಳದಿ ಹಿನ್ನೆಲೆ ಹಾಕಿದರೆ ಮೇಲಿನ ಸಾಲಿನ ಒತ್ತು ಅರ್ಧ ಮುಚ್ಚಿಹೋಗುತ್ತದೆ. ಇಟಾಲಿಕ್ ಯೋಚನೆಯೂ ಸೊಟ್ಟಗೆ ಕಾಣುತ್ತದೆ. ಒಂದು ತುಣುಕು ಹಾಕುತ್ತೇನೆ, ಇದನ್ನು ಹೇಗೆ ಜೋಡಿಸುವುದು ಹೇಳಿ:

ಚೆನ್ನವ್ವ ಮಲ್ಲಿಗೆ ಮಾಲೆ ಬಾಳೆಎಲೆಯಲ್ಲಿ ಸುತ್ತುತ್ತಾ ತಲೆ ಎತ್ತಿ ಏನ್ ಸೆಟ್ಟ್ರೇ ಕುದುರೆ ಮಾರಾಟ ಆಯ್ತಾ..... ಎಂದಳು ಅವನ ಸೊಂಟದ ಚೀಲ ತೂಗುತ್ತಿರುವುದನ್ನು ನೋಡಿ ಇವತ್ತು ಇವನ ಕೈಯಲ್ಲಿ ವರಹ ಇದೆ ಎಂದುಕೊಂಡು ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು ಆಚೆ ರಥಬೀದಿಯಲ್ಲಿ ಗದ್ದಲ ಶುರುವಾಯಿತು!!!!

---

ಅಚ್ಚುಮೊಳೆ:

ಹಿನ್ನೆಲೆ ಬಣ್ಣ ಪ್ರತಿ ಸಾಲಿಗೂ ಒಂದು ಪಟ್ಟಿಯಾಗಿ ಬೀಳುತ್ತದೆ, ಕೆಳಗಿನ ಸಾಲಿನ ಪಟ್ಟಿ ಮೇಲಿನ ಸಾಲಿನ ಒತ್ತಿನ ಮೇಲೆ ಕೂರುತ್ತದೆ. ಲೈನ್-ಹೈಟ್ 2ಕ್ಕೆ ಏರಿಸಿದರೆ ತಪ್ಪಬಹುದು, ಆದರೆ ಪುಟ ಸಡಿಲವಾಗುತ್ತದೆ. ಹೈಲೈಟ್ ಬಿಡಿ, ಬೇಕಾದರೆ ಆ ಇಡೀ ಪ್ಯಾರಾವನ್ನು ಒಂದು ಡಿವ್ ಮಾಡಿ ಅದಕ್ಕೆ ಹಿನ್ನೆಲೆ ಕೊಡಿ. ಅಡಿಗೆರೆಯೂ ಒತ್ತನ್ನು ಕೊಯ್ದುಕೊಂಡು ಹೋಗುತ್ತದೆ, ಇಲ್ಲ ಒತ್ತಿನ ಬಳಿ ತುಂಡುತುಂಡಾಗುತ್ತದೆ, ಅದೂ ಬೇಡ.

ಇಟಾಲಿಕ್: ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ಇಲ್ಲವೇ ಇಲ್ಲ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಓರೆಯಾಗಿ ತಳ್ಳುತ್ತದೆ. ಟೈರೊ ಕನ್ನಡಕ್ಕೆ ತನ್ನದೇ ಇಟಾಲಿಕ್ ಇದೆ, ಅಡ್ಮಿನ್ ಸೇರಿಸಿಕೊಟ್ಟರೆ ಬಳಸಿ. ಇಲ್ಲದಿದ್ದರೆ ನಮ್ಮ ಕೆಲವು ಕಾದಂಬರಿಗಳಲ್ಲಿ ಇರುವಂತೆ ಮಾತಿಗೆ ಜೋಡಿ ಉದ್ಧರಣ ಚಿಹ್ನೆ, ಯೋಚನೆಗೆ ಒಂಟಿ. ಇದಕ್ಕೆ ಯಾವ ಕೋಡೂ ಬೇಡ.

ನಿಮ್ಮ ತುಣುಕಿನಲ್ಲಿ ಕೋಡಿಗಿಂತ ಹೆಚ್ಚಾಗಿ ಪ್ಯಾರಾ ಒಡೆಯುವ ಕೆಲಸ ಬಾಕಿ ಇದೆ:

ಚೆನ್ನವ್ವ ಮಲ್ಲಿಗೆ ಮಾಲೆಯನ್ನು ಬಾಳೆಎಲೆಯಲ್ಲಿ ಸುತ್ತುತ್ತಲೇ ತಲೆ ಎತ್ತಿದಳು.

"ಏನ್ ಸೆಟ್ಟ್ರೇ, ಕುದುರೆ ಮಾರಾಟ ಆಯ್ತಾ?"

ಅವನ ಸೊಂಟದ ಚೀಲ ಭಾರವಾಗಿ ತೂಗುತ್ತಿತ್ತು. 'ಇವತ್ತು ಕೈಯಲ್ಲಿ ವರಹ ಇದೆ' ಎಂದುಕೊಂಡು ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು.

ಆಚೆ ರಥಬೀದಿಯಲ್ಲಿ ಗದ್ದಲ ಶುರುವಾಯಿತು.

ಮಾತಿಗೆ ಅದರದೇ ಪ್ಯಾರಾ. ಮಾತಾಡಿದವರ ಚಲನೆ ಮಾತಿನ ಹತ್ತಿರವೇ. ಹೊಸ ಘಟನೆ ಕೊನೆಯಲ್ಲಿ ಒಂಟಿಯಾಗಿ ನಿಂತರೆ ಸೆಟ್ಟರ ಪಾತ್ರ ಬರೆಯುವವರಿಗೆ ಹಿಡಿದುಕೊಳ್ಳಲು ಎಳೆ ಸಿಗುತ್ತದೆ; ಪ್ಯಾರಾದ ಹೊಟ್ಟೆಯಲ್ಲಿ ಹೂತರೆ ಅವರು ಅದನ್ನು ನೋಡದೇ ಉತ್ತರ ಬರೆಯುತ್ತಾರೆ. ಪ್ಯಾರಾಗಳ ನಡುವೆ ಮಾರ್ಜಿನ್ 0.9 ಇಎಂ. ಸಾಲು ಸಾಲು ಚುಕ್ಕಿ, ನಾಲ್ಕು ಆಶ್ಚರ್ಯಚಿಹ್ನೆ ಎರಡೂ ಕಣ್ಣಿಗೆ ಕಲ್ಲು. ಕಂತಿನ ತಲೆಯಲ್ಲಿ ಸ್ಥಳ, ಹೊತ್ತು, ಯಾರ ಜೊತೆ ಎಂಬ ಒಂದೇ ಸಾಲು. ಪಾತ್ರದ ಹೊರಗಿನ ಮಾತು (ಓಓಸಿ) ಏನಿದ್ದರೂ ಕೊನೆಯಲ್ಲಿ, ಸ್ಪಾಯ್ಲರಿನೊಳಗೆ (ಒತ್ತಿದರೆ ತೆರೆಯುವ ಮಡಿಕೆ), 14 ಪಿಕ್ಸೆಲ್‌ಗಿಂತ ಚಿಕ್ಕದಾಗದಂತೆ.

---

ಹಂಪೆಪೇಟೆ:

ಸರಿಯಾಯಿತು. ಇನ್ನೊಂದೇ ವಿಷಯ: ನಮ್ಮಲ್ಲಿ ಒಬ್ಬರು ಎಚ್‌ಟಿಎಂಎಲ್ ಇಲ್ಲದ, ಬರೀ ಬಿಬಿಕೋಡ್ (ಫೋರಮ್ಮುಗಳ ಚೌಕಾವರಣದ ಸರಳ ಟ್ಯಾಗುಗಳು) ಇರುವ ಜಾಗದಲ್ಲೂ ಇದೇ ಕಂತು ಹಾಕುತ್ತಾರೆ. ಇನ್ನೊಬ್ಬರು ಡಿಸ್ಕಾರ್ಡ್ ಚಾಟಿನಲ್ಲಿ. ಅವರಿಗೆ ಏನು ಹೇಳಲಿ?

---

ಕೊಂಬುದೀರ್ಘ:

ಬಿಬಿಕೋಡಿನಲ್ಲಿ ಲೈನ್-ಹೈಟ್ ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಅಲ್ಲಿ ಗಾತ್ರವನ್ನು ಮೂಲದ ಅಳತೆಗಿಂತ ಇಳಿಸಲೇಬಾರದು. ಸೈಜ್ ಟ್ಯಾಗಿನ ಸಂಖ್ಯೆಯ ಅರ್ಥ ಎಲ್ಲ ಫೋರಮ್ ತಂತ್ರಾಂಶಗಳಲ್ಲಿ ಒಂದೇ ಅಲ್ಲ: ಪಿಎಚ್‌ಪಿಬಿಬಿಯಲ್ಲಿ ಅದು ಶೇಕಡಾ, 100 ಅಂದರೆ ಮಾಮೂಲು, ಜೆನ್‌ಫೋರೋದಲ್ಲಿ 1ರಿಂದ 7ರ ಮೆಟ್ಟಿಲು. ಜೆನ್‌ಫೋರೋದಿಂದ ಸೈಜ್ 5 ನಕಲು ಮಾಡಿ ಪಿಎಚ್‌ಪಿಬಿಬಿಗೆ ಅಂಟಿಸಿದರೆ 5 ಶೇಕಡಾ, ಬರಹ ಇರುವೆ ಸಾಲು. ಟ್ಯಾಗ್ ತೆರೆದ ಕ್ರಮಕ್ಕೆ ತಿರುಗುಮುರುಗಾಗಿ ಮುಚ್ಚಬೇಕು: ಬೋಲ್ಡ್, ಕಲರ್ ತೆರೆದರೆ ಮೊದಲು ಕಲರ್ ಮುಚ್ಚಿ, ಆಮೇಲೆ ಬೋಲ್ಡ್. ಅಡ್ಡಾದಿಡ್ಡಿ ಮುಚ್ಚಿದರೆ ಎಲ್ಲೋ ಒಂದು ಟ್ಯಾಗ್ ಹಾಗೇ ಅಕ್ಷರವಾಗಿ ಉಳಿಯುತ್ತದೆ, ಇಲ್ಲ ಮಿಕ್ಕ ಕಂತೆಲ್ಲ ದಪ್ಪಗಾಗುತ್ತದೆ.

'ಫೋನ್‌ನಲ್ಲಿ' ಅಂತ ಬರೆದದ್ದು ಪೋಸ್ಟ್ ಆದ ಮೇಲೆ 'ಫೋನ್ನಲ್ಲಿ' ಆದರೆ ಗಾಬರಿ ಬೇಡ, ಎಡಿಟರ್ ಮಧ್ಯದ ಕಾಣದ ಸಂಕೇತವನ್ನು ತಿಂದುಹಾಕಿದೆ. 'ಫೋನಿನಲ್ಲಿ' ಅಂತ ಬರೆದರೆ ಗೋಜೇ ಇಲ್ಲ.

ಡಿಸ್ಕಾರ್ಡಿನಲ್ಲಿ ಮಾಮೂಲಿ ಖಾತೆಯ ಒಂದು ಸಂದೇಶಕ್ಕೆ 2000 ಕ್ಯಾರೆಕ್ಟರ್ ಮಿತಿ. ಅಲ್ಲೂ ಯೂನಿಕೋಡ್ ಲೆಕ್ಕವೇ, 'ಸ್ತ್ರೀ' ಒಂದಕ್ಕೇ ಆರು ಹೋಗುತ್ತದೆ. ಕನ್ನಡದಲ್ಲಿ ಸುಮಾರು 200ರಿಂದ 250 ಪದಕ್ಕೆ ತುಂಬಿಬಿಡುತ್ತದೆ. ಉದ್ದದ ಕಂತನ್ನು ಮಾತು ಮುಗಿದ ಜಾಗದಲ್ಲಿ ತುಂಡು ಮಾಡಿ, ವಾಕ್ಯದ ನಡುವೆ ಬೇಡ. ಪ್ರತಿ ತುಂಡಿನ ತಲೆಯಲ್ಲಿ 1/3, 2/3 ಹಾಕಿ. ಕೊನೆಯದು ಬರುವ ಮೊದಲೇ ಇನ್ನೊಬ್ಬರು ಉತ್ತರ ಬರೆಯಲು ಶುರು ಮಾಡದಿರಲಿ.