ಮೇ ತಿಂಗಳ ಬಿಸಿಲಲ್ಲಿ ಕಲಬುರಗಿಗೆ ನಾಯಿಮರಿ ತರಬಹುದಾ?

ಜೇವರ್ಗಿ ರೋಡ್:
ಎಲ್ಲರಿಗೂ ನಮಸ್ಕಾರ. ಮಗ ಏಳನೇ ಕ್ಲಾಸ್ ಮುಗಿಸಿದ್ದಾನೆ, ನಾಯಿಮರಿ ಬೇಕು ಅಂತ ಎರಡು ವರ್ಷದಿಂದ ಹಟ. ಪರಿಚಯದವರ ಮನೆಯಲ್ಲಿ ಲ್ಯಾಬ್ರಡಾರ್ ಮರಿ ಹಾಕಿದೆ, ಈಗ ಐದು ವಾರ, ಮುಂದಿನ ವಾರವೇ ಒಯ್ಯಿರಿ ಅಂತಿದ್ದಾರೆ. ನಮ್ಮದು ಬಾಡಿಗೆ ಮನೆ, ಮೇಲಿನ ಮಹಡಿ. ನಾನು, ಮನೆಯವರು ಇಬ್ಬರೂ ಹತ್ತಕ್ಕೆ ಕೆಲಸಕ್ಕೆ ಹೋದರೆ ಬರೋದು ಸಂಜೆ, ಅಲ್ಲಿವರೆಗೆ ಅತ್ತೆ ಒಬ್ಬರೇ. ಊಟಕ್ಕೆ ನಮ್ಮ ರೊಟ್ಟಿ, ಬ್ಯಾಳಿ ನಡೆಯುತ್ತದಾ? ಇಂಜೆಕ್ಷನ್ ಯಾವಾಗ? ಈ ಬಿಸಿಲು ಮರಿ ತಡೆಯುತ್ತದಾ? ಸಾಕಿದವರು ಹೇಳಿ.

ಬೀದರ್ ಹುಡುಗ:
ಅಕ್ಕಾ, ಆರು ವಾರಕ್ಕೆ ತರಬೇಡಿ. ಕಡಿಮೆ ಅಂದರೂ ಎಂಟು ವಾರ ತಾಯಿ ಹತ್ತಿರ ಇರಲಿ. ಬರೀ ಹಾಲಿಗಲ್ಲ. ಹಲ್ಲು ಎಷ್ಟು ಜೋರಾಗಿ ಊರಬಾರದು ಅನ್ನೋದನ್ನ ಮರಿಗಳು ಒಂದಕ್ಕೊಂದು ಕಚ್ಚಾಡುತ್ತಾನೇ ಕಲಿಯುತ್ತವೆ.

ಇಂಜೆಕ್ಷನ್ ವಿಷಯ ಮಾತ್ರ ಒಂದು ದಿನವೂ ಮುಂದೆ ಹಾಕಬೇಡಿ. ನನ್ನ ಮೊದಲ ಮರಿ ಪಾರ್ವೋ ಅನ್ನೋ ವೈರಸ್ ರೋಗದಲ್ಲಿ ಹೋಯಿತು. ಮೊದಲ ಸೂಜಿ ಹಾಕಿಸಿದ್ದೆ, ಎರಡನೆಯದು ತಂಗಿ ಮದುವೆ ಗಡಿಬಿಡಿಯಲ್ಲಿ ಉಳಿದುಹೋಯಿತು. ಒಂದು ಸಂಜೆ ಊಟ ಬಿಟ್ಟಿತು, ರಾತ್ರಿ ವಾಂತಿ, ಬೆಳಗ್ಗೆ ಎದ್ದು ನೋಡಿದರೆ ರಕ್ತ ಭೇದಿ. ಸಲೈನ್ ಏರಿಸಿದೆವು, ಮೂರನೇ ದಿನಕ್ಕೆ ನನ್ನ ತೊಡೆ ಮೇಲೇ ಪ್ರಾಣ ಬಿಟ್ಟಿತು. ತಪ್ಪು ನನ್ನದೇ. ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೆ. ರೇಬೀಸ್‌ದು ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧ ಬೇರೆ, ಅದನ್ನ ಮರಿ ತೂಕ ನೋಡಿ ಡಾಕ್ಟರೇ ಕೊಡಲಿ. ಎಲ್ಲಾ ಸೂಜಿ ಮುಗಿಯೋವರೆಗೆ ಬೀದಿ ನೆಲಕ್ಕೆ ಇಳಿಸಬೇಡಿ, ಪಾರ್ವೋ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಅಂದಹಾಗೆ ನಮ್ಮ ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ದೊಡ್ಡ ತೊಂದರೆ ಬಂದರೆ ಅಲ್ಲಿಗೇ ಕರಕೊಂಡು ಬನ್ನಿ.

ಪರ್ಸಿ ಕಲ್ಲು:
ಮೇಡಂ, ನಾನು ಶಹಾಬಾದಿನವನು, ಬಿಸಿಲಿನ ಬಗ್ಗೆ ಹೇಳ್ತೀನಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರೋದಿಲ್ಲ. ಪಾದದಲ್ಲಿ ಸ್ವಲ್ಪ, ಅಷ್ಟೇ. ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. 43, 44 ಡಿಗ್ರಿಯಲ್ಲಿ ದಪ್ಪ ಕೂದಲಿನ ಲ್ಯಾಬ್‌ಗೆ ಅದು ಸಾಕಾಗಲ್ಲ. ಮಾಳಿಗೆ ಮೇಲೆ ಕಟ್ಟುವ ಯೋಚನೆ ಇದ್ದರೆ ಈಗಲೇ ಬಿಡಿ.

ನಮ್ಮ ರಾಜಾನನ್ನು ಒಮ್ಮೆ ಹನ್ನೊಂದು ಗಂಟೆಗೆ ಅಂಗಳಕ್ಕೆ ಬಿಟ್ಟಿದ್ದೆ, ಐದೇ ನಿಮಿಷ. ಒಂದು ಕಾಲು ಎತ್ತಿ, ಇಳಿಸಿ, ಇನ್ನೊಂದು ಎತ್ತುತ್ತಿತ್ತು. ಆಟ ಅಂದುಕೊಂಡೆ. ಸಂಜೆ ಪಾದ ತಿರುಗಿಸಿ ನೋಡಿದರೆ ಕಪ್ಪು ಚರ್ಮ ಸುಲಿದು ಒಳಗೆ ಕೆಂಪಗೆ ಆಗಿತ್ತು. ಆವತ್ತಿನಿಂದ ನಾನು ಮೊದಲು ಪರ್ಸಿ ಮೇಲೆ, ಅಂದರೆ ಅಂಗಳದ ಹಾಸುಗಲ್ಲಿನ ಮೇಲೆ, ಅಂಗೈ ಇಟ್ಟು ಏಳರವರೆಗೆ ಎಣಿಸುತ್ತೇನೆ. ನನ್ನ ಕೈ ತಡೆಯದಿದ್ದರೆ ಅದರ ಕಾಲೂ ತಡೆಯಲ್ಲ. ವಾಕಿಂಗ್ ಬೆಳಗ್ಗೆ ಐದೂವರೆಗೆ, ಇಲ್ಲಾ ರಾತ್ರಿ ಊಟ ಆದಮೇಲೆ.

ಜೊಲ್ಲು ಗಟ್ಟಿಯಾಗಿ, ತೂರಾಡತೊಡಗಿದರೆ ಅದು ಬಿಸಿಲು ಬಡಿದಿರೋದು. ತಕ್ಷಣ ನೆರಳಿಗೆ ಎತ್ತಿಕೊಂಡು ಹೋಗಿ, ಮೈಯೆಲ್ಲಾ, ಹೊಟ್ಟೆ ಕೆಳಗೂ ನೀರು ಹಾಕಿ, ಫ್ಯಾನ್ ಹಚ್ಚಿ, ಡಾಕ್ಟರ್ ಹತ್ತಿರ ಓಡಿ.

ಇನ್ನೊಂದು ಮಾತು. ಊರ ನಾಯಿಮರಿ ಯಾಕೆ ಬೇಡ? ಗಿಡ್ಡ ಕೂದಲು, ಈ ಹವಾಕ್ಕೆ ಹುಟ್ಟಿದ್ದು. ಪ್ರೀತಿಯಲ್ಲಿ ಏನೂ ಕಮ್ಮಿ ಇಲ್ಲ.

ಯಾದಗಿರಿ ಅವ್ವ:
ತಂಗೀ, ರೊಟ್ಟಿ ನಡೆಯುತ್ತದೆ, ಆದರೆ ಬರೀ ರೊಟ್ಟಿ ಸಾಲದು. ಬೇಯಿಸಿದ ಮೊಟ್ಟೆ, ಉಪ್ಪು ಖಾರ ಇಲ್ಲದ ಕೋಳಿ, ಇಲ್ಲಾ ಮರಿಗಳಿಗೆ ಅಂತಲೇ ಸಿಗುವ ಪೆಡಿಗ್ರೀ ತರಹದ್ದು ಕೊಡಬೇಕು. ಚಿಕ್ಕ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ನಮ್ಮ ಬ್ಯಾಳಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದೆ ಒಗ್ಗರಣೆ ಆಗಲ್ಲ ಅಲ್ವಾ, ಅವೆರಡೂ ನಾಯಿ ರಕ್ತ ಕೆಡಿಸುತ್ತವೆ. ಒಗ್ಗರಣೆಗೆ ಮೊದಲೇ ಅದರ ಪಾಲು ತೆಗೆದಿಡಿ. ದ್ರಾಕ್ಷಿ, ಚಾಕಲೇಟ್ ಮಗ ಕೊಡದ ಹಾಗೆ ನೋಡಿ. ಜ್ವರ ಬಂತು ಅಂತ ಮನೆಯ ಮಾತ್ರೆ ಕೊಡಬೇಡಿ.

ಉಣ್ಣಿ ಆದರೆ ಸೀಮೆಎಣ್ಣೆ ಹಚ್ಚೋರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಹಚ್ಚಬೇಡಿ, ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಕಿವಿ ಒಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಿ.

ಆಟದಲ್ಲಿ ಹಲ್ಲು ತಾಗಿ ರಕ್ತ ಬಂದರೂ ಸುಮ್ನೆ ಕೂರಬೇಡಿ. ಸುಣ್ಣ, ಅರಿಶಿನ, ಖಾರಪುಡಿ ಏನೂ ಹಚ್ಚದೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮಗನಿಗೆ ಇದನ್ನ ಮೊದಲೇ ಹೇಳಿ, ಬೈತಾರೆ ಅಂತ ಮುಚ್ಚಿಡಬಾರದು.

ಮತ್ತೆ ಅತ್ತೆಯವರನ್ನ ಕೇಳಿದಿರಾ? ಹಗಲೆಲ್ಲಾ ಉಚ್ಚೆ ಒರೆಸೋರು ಅವರೇ.

ಜೇವರ್ಗಿ ರೋಡ್:
ಅವ್ವಾ, ಕೇಳಿರಲೇ ಇಲ್ಲ. ನಿನ್ನೆ ರಾತ್ರಿ ಕೇಳಿದೆ. ಮೊಣಕಾಲು ನೋವು, ಬಗ್ಗೋಕೆ ಆಗಲ್ಲ, ಮೊಮ್ಮಗನಿಗೆ ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ ಅಂದರು. ಮನೆ ಮಾಲೀಕರೂ ಒಪ್ಪಿಲ್ಲ, ಇನ್ನೊಮ್ಮೆ ಮಾತಾಡಬೇಕು. ದಸರಾ ರಜೆವರೆಗೆ ಬೇಡ ಅಂತ ನಿಂತಿದ್ದೇವೆ. ಮಗ ಅತ್ತ. ಕೆಳಗಿನ ಮನೆಯವರ ನಾಯಿಯನ್ನ ಅಲ್ಲಿವರೆಗೆ ದಿನಾ ಬೆಳಗ್ಗೆ ನೀನೇ ತಿರುಗಾಡಿಸು ಅಂದಿದ್ದೇನೆ. ಇವತ್ತು ಐದೂಕಾಲಿಗೇ ಎದ್ದಿದ್ದ.

ಬೀದರ್ ಹುಡುಗ:
ತರುವ ದಿನ ತಾಯಿ ಮಲಗಿದ್ದ ಗೋಣಿಚೀಲದ ಒಂದು ತುಂಡು ಕೇಳಿ ತನ್ನಿ ಅಕ್ಕಾ. ಮೊದಲ ಮೂರು ರಾತ್ರಿ ಮರಿ ಅದರ ಮೇಲೆ ಮಲಗಿದರೆ ಕುಂಯ್‌ಗುಟ್ಟೋದು ಕಡಿಮೆ.